ಒತ್ತಬಹುದು, ಉಜ್ಜಬಾರದು: ಗುಳ್ಳೆಯೇಳುವ ಚರ್ಮದ ಮಗುವಿಗೆ ಅರಿವಳಿಕೆ

ಎಪಿಡರ್ಮೊಲೈಸಿಸ್ ಬುಲೋಸಾ (ತುಸು ಉಜ್ಜಿದರೂ ಚರ್ಮದಲ್ಲಿ ಗುಳ್ಳೆ ಏಳುವ ಆನುವಂಶಿಕ ಕಾಯಿಲೆ) ಇರುವ ಮಗುವಿನ ಚರ್ಮ ನೇರವಾದ ಒತ್ತಡವನ್ನು ಒಂದು ಮಟ್ಟಿಗೆ ತಾಳುತ್ತದೆ. ಉಜ್ಜಿದರೆ, ಜಾರಿಸಿ ಎಳೆದರೆ ತಾಳುವುದಿಲ್ಲ. ಅರಿವಳಿಕೆ ತಜ್ಞರು ಮಾಡುವ ಪ್ರತಿಯೊಂದು ಕೆಲಸವನ್ನೂ ಈ ಭೇದದಿಂದಲೇ ಅಳೆಯಬೇಕು. ಈ ಕಾಯಿಲೆಯ ರಿಸೆಸಿವ್ ಡಿಸ್ಟ್ರೋಫಿಕ್ ಎಂಬ ಬಗೆಯಲ್ಲಿ ಚರ್ಮದ ಪದರಗಳನ್ನು ಬೆಸೆಯುವ 7ನೇ ಬಗೆಯ ಕೊಲಾಜನ್ ಎಂಬ ಪ್ರೋಟೀನಿನ ಕೊರತೆಯಿರುವುದರಿಂದ ಬಾಯೊಳಗೂ ಗುಳ್ಳೆ ಏಳುತ್ತದೆ, ಅದು ಮಾಗಿದಾಗಲೆಲ್ಲ ಕಲೆಗಟ್ಟಿ ಬಿಗಿಯುತ್ತದೆ, ವರ್ಷ ಕಳೆದಂತೆ ಬಾಯಿ ಕಿರಿದಾಗಿ ನಾಲಿಗೆ ತಳಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ 2ನೇ ವಯಸ್ಸಿನಲ್ಲಿ ಉಸಿರಾಟದ ನಳಿಕೆ ಸಲೀಸಾಗಿ ಇಳಿದಿತ್ತೆಂಬ ಹಳೆಯ ಟಿಪ್ಪಣಿಯನ್ನು 10ನೇ ವಯಸ್ಸಿನಲ್ಲಿ ನಂಬಿಕೊಳ್ಳುವಂತಿಲ್ಲ. ಜಂಕ್ಷನಲ್ ಎಂಬ ಇನ್ನೊಂದು ಬಗೆಯಾದರೆ ದನಿ ಒಡೆದಿದೆಯೇ, ಉಸಿರೆಳೆಯುವಾಗ ಸದ್ದು ಬರುತ್ತದೆಯೇ ಎಂದು ಕೇಳಬೇಕು, ಏಕೆಂದರೆ ಅಲ್ಲಿ ಧ್ವನಿಪೆಟ್ಟಿಗೆಯೇ ಕಿರಿದಾಗಿರಬಹುದು.

ಮಾಮೂಲು ಅಂಟುಪಟ್ಟಿಯನ್ನು ಕೋಣೆಯಿಂದಲೇ ಹೊರಗಿಡಿ. ಆಕ್ಸಿಮೀಟರ್ ಕ್ಲಿಪ್ಪಿನದಾಗಿರಲಿ, ಬಿಪಿ ಪಟ್ಟಿಯ ಕೆಳಗೆ ಹತ್ತಿಯ ಸುತ್ತು ಇರಲಿ. ಸಾಧ್ಯವಾದರೆ ಮಗು ತಾನಾಗಿಯೇ ಮೇಜಿನ ಮೇಲೆ ಹತ್ತಿ ಮಲಗಲಿ. ಡ್ರೆಸಿಂಗ್ ಬಿಚ್ಚುವ ಬಗೆಯನ್ನು ತಾಯಿಯಿಂದ ಕೇಳಿ ತಿಳಿಯಿರಿ. ಈ ವಿಷಯದಲ್ಲಿ ನಮ್ಮಲ್ಲಿ ಬಹುತೇಕರಿಗಿಂತ ಆಕೆಯ ಕೈ ಪಳಗಿರುತ್ತದೆ.

ಮಾಸ್ಕಿನ ಅಂಚಿಗೂ ನಿಮ್ಮ ಕೈಗವಸಿಗೂ ಪ್ಯಾರಫಿನ್ ಮುಲಾಮು ಧಾರಾಳವಾಗಿ ಹಚ್ಚಿ, ದವಡೆಯ ಕೆಳಗೆ ವ್ಯಾಸಲೀನ್ ಗಾಜ್ ಇಟ್ಟು, ಬೆರಳು ಜಾರದಂತೆ ಒಂದೇ ಕಡೆ ಸ್ಥಿರವಾಗಿ ಹಿಡಿಯಿರಿ. ಬಾಯಿ ತೆರೆಯದ ಮಗುವಿಗೆ ಉಸಿರಿನ ಮೂಲಕ ಕೊಡುವ ಅರಿವಳಿಕೆಯಾದ ಸೆವೊಫ್ಲೂರೇನ್ ಕೊಟ್ಟು, ಸ್ವಂತ ಉಸಿರಾಟವನ್ನು ಉಳಿಸಿಕೊಂಡು, ಮೂಗಿನ ಮೂಲಕ ಫೈಬರ್ ಆಪ್ಟಿಕ್ ಸ್ಕೋಪಿನ (ಒಳಗನ್ನು ತೋರಿಸುವ, ಬಾಗುವ ತೆಳು ದರ್ಶಕದ) ಮೇಲೆ ನಳಿಕೆ ಇಳಿಸುವುದು ನನ್ನ ಮೊದಲ ಆಯ್ಕೆ. ಮೂಗು ಮತ್ತು ಶ್ವಾಸನಾಳದ ಒಳಪದರ ಬಾಯಿಯ ಪದರದಂಥದ್ದಲ್ಲ. ಡಿಸ್ಟ್ರೋಫಿಕ್ ಬಗೆಯಲ್ಲಿ ಅಲ್ಲಿ ಗುಳ್ಳೆ ಏಳುವುದು ವಿರಳ. ವಯಸ್ಸಿಗೆ ತಕ್ಕ ಅಳತೆಗಿಂತ ಅರ್ಧ ಮಿಲಿಮೀಟರ್ ಸಣ್ಣ ನಳಿಕೆಯನ್ನು ಚೆನ್ನಾಗಿ ಜೆಲ್ ಸವರಿ ಬಳಸಿ. ಲ್ಯಾರಿಂಗೋಸ್ಕೋಪ್ (ಬಾಯಿಯ ಮೂಲಕ ಧ್ವನಿಪೆಟ್ಟಿಗೆ ನೋಡುವ ಸಾಧನ) ಬಳಸುವುದಾದರೆ ಅದರ ಅಲಗಿಗೂ ಜೆಲ್ ಬೇಕು. ಮೊದಲ ಪ್ರಯತ್ನವನ್ನು ತಂಡದ ಅತ್ಯಂತ ಅನುಭವಿಯೇ ಮಾಡಬೇಕು, ಕಲಿಯುವವರಿಗೆ ಇದು ಸಂದರ್ಭವಲ್ಲ. ಹೀರುನಳಿಕೆಯನ್ನು ಕಣ್ಣಿಗೆ ಕಾಣುವಷ್ಟು ಮಾತ್ರ, ಮೆಲ್ಲಗೆ ಬಳಸಿ. ನಳಿಕೆಯನ್ನು ಮೃದುವಾದ ಹತ್ತಿಯ ದಾರದಿಂದ, ಕೆನ್ನೆಗೆ ಸಿಲಿಕೋನ್ ಡ್ರೆಸಿಂಗಿನ ಆಸರೆ ಕೊಟ್ಟು ಕಟ್ಟಿ. ಕಣ್ಣಿಗೆ ಪಟ್ಟಿ ಬೇಡ, ಮುಲಾಮು ಸಾಕು.

ಎಚ್ಚರವಾಗುವ ಹೊತ್ತಿನಲ್ಲಿ ಮಗು ಕೊಸರಾಡಿದರೆ ಇಷ್ಟು ಹೊತ್ತು ಕಾಪಾಡಿದ್ದೆಲ್ಲ ಹಾಳಾಗುತ್ತದೆ, ಆದ್ದರಿಂದ ನೋವು ನಿವಾರಕವನ್ನು ಮೊದಲೇ ಕೊಟ್ಟಿರಬೇಕು. ಹೊಸ ಗುಳ್ಳೆ ಕಂಡರೆ ಶುದ್ಧ ಸೂಜಿಯಿಂದ ಚುಚ್ಚಿ ನೀರು ಬಸಿಯಿರಿ, ಮೇಲಿನ ಪದರವನ್ನು ಕೀಳಬೇಡಿ. ಯಾರಾದರೂ ಮರೆತು ಅಂಟುಪಟ್ಟಿ ಹಾಕಿಬಿಟ್ಟಿದ್ದರೆ ಅದನ್ನು ಎಳೆಯದೆ, ಸಿಲಿಕೋನ್ ದ್ರಾವಣದಿಂದ ನೆನೆಸಿ, ಅದಾಗಿಯೇ ಬಿಡುವ ತನಕ ಕಾಯಿರಿ.