ಕಾಂಕ್ರೀಟಿನ ಲಾರಿ ಬರುವ ಮುನ್ನ: ಹೊಸ ಮನೆಗೆ ರೇಡಾನ್ ರಕ್ಷಣೆ

ಅಮೆರಿಕದ ಮಿನ್ನೆಸೋಟಾದಲ್ಲಿ ಮನೆ ಕಟ್ಟಿಸುವ ನಮ್ಮವರು ದೇವರ ಮನೆಯ ದಿಕ್ಕು, ಅಡುಗೆಕಟ್ಟೆಯ ಗ್ರಾನೈಟ್, ಒಗ್ಗರಣೆಯ ಹೊಗೆ ಹೊರಹೋಗುವ ದಾರಿ ಎಲ್ಲವನ್ನೂ ಬಿಲ್ಡರ್ ಬಳಿ ವಾರಗಟ್ಟಲೆ ಚರ್ಚಿಸುತ್ತಾರೆ. ಬೇಸ್‌ಮೆಂಟಿನ ನೆಲದ ಕೆಳಗೆ ಏನು ಹಾಕುತ್ತೀರಿ ಎಂದು ಕೇಳುವವರು ಮಾತ್ರ ವಿರಳ. ರೇಡಾನ್ ಅನಿಲವನ್ನು ತಡೆಯುವ ಕೆಲಸದ ಮುಖ್ಯ ಭಾಗ ನಡೆಯುವುದು ಅಲ್ಲಿಯೇ, ಅದೂ ಕಾಂಕ್ರೀಟಿನ ಲಾರಿ ಬರುವ ಮುನ್ನ.

ಮಣ್ಣಿನಲ್ಲಿಯೂ ಬಂಡೆಯಲ್ಲಿಯೂ ಇರುವ ಯುರೇನಿಯಂ ಕ್ಷಯಿಸುತ್ತ ಸಾಗುವ ಸರಪಳಿಯಲ್ಲಿ ರೇಡಿಯಂ ಹುಟ್ಟುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ, 3.8 ದಿನ; ಅದು ಕ್ಷಯಿಸಿದಾಗ ಹುಟ್ಟುವ ಪೊಲೊನಿಯಂ ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶದ ಒಳಪದರಕ್ಕೆ ಅಂಟಿ ಆಲ್ಫಾ ಕಣಗಳನ್ನು ಸೂಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ ಆ ದೇಶದಲ್ಲಿ ವರ್ಷಕ್ಕೆ ಸುಮಾರು 21,000 ಮಂದಿ ರೇಡಾನ್‌ನಿಂದ ಬರುವ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆ. ಮನೆಯೊಳಗಿನ ಈ ಅಪಾಯ ಅಲ್ಲಿನ ಜನರ ಗಮನಕ್ಕೆ ಬಂದದ್ದು 1984ರಲ್ಲಿ. ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುವಿದ್ಯುತ್ ಸ್ಥಾವರದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಕೆಲಸಕ್ಕೆ ಬಂದಾಗಲೆಲ್ಲ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸುತ್ತಿತ್ತು. ಹುಡುಕಿದಾಗ ವಿಕಿರಣದ ಮೂಲ ಸ್ಥಾವರದಲ್ಲಿರಲಿಲ್ಲ, ಅವರ ಮನೆಯಲ್ಲಿತ್ತು. ಅಲ್ಲಿನ ಗಾಳಿಯಲ್ಲಿ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ರೇಡಾನ್ ಸಿಕ್ಕಿತು. ಇಂದು ಲೀಟರಿಗೆ 4 ಪಿಕೊಕ್ಯೂರಿ ಮುಟ್ಟಿದರೆ ಕ್ರಮ ಕೈಗೊಳ್ಳಬೇಕೆಂಬುದು ಸಂಸ್ಥೆಯ ಸಲಹೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಇನ್ನೂ ಕಡಿಮೆ, ಸುಮಾರು 2.7.

ಹಿಮನದಿಗಳು ಹೊತ್ತು ತಂದು ಹರಡಿದ, ಯುರೇನಿಯಂ ಬೆರೆತ ಮಣ್ಣು ಮಿನ್ನೆಸೋಟಾದ ಬಹುಭಾಗದಲ್ಲಿದೆ. ಜೊತೆಗೆ ಚಳಿಗಾಲದ ತಿಂಗಳುಗಳುದ್ದಕ್ಕೂ ಕಿಟಕಿ ತೆರೆಯುವಂತಿಲ್ಲ. ಬೆಚ್ಚಗಿನ ಗಾಳಿ ಮೇಲೇರಿ ಸೂರಿನ ಸಂದುಗಳಿಂದ ಹೊರಹೋದಂತೆ ಮನೆಯು ಸೌದೆ ಒಲೆಯ ಚಿಮಣಿಯಂತೆ ಕೆಳಗಿನ ಮಣ್ಣಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಈ ರಾಜ್ಯದಲ್ಲಿ ಐದರಲ್ಲಿ ಎರಡು ಮನೆಗಳಲ್ಲಿ ರೇಡಾನ್ ಹೆಚ್ಚಿನ ಮಟ್ಟದಲ್ಲಿದೆ ಎಂದು ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಊರಿನಲ್ಲಿ ಹಗಲಿಡೀ ಕಿಟಕಿ ತೆರೆದಿಟ್ಟು ಬೆಳೆದ ನಮಗೆ ಈ ಭಯ ಹೊಸದು. ಅಡುಗೆಕಟ್ಟೆಯ ಗ್ರಾನೈಟ್ ಬಗ್ಗೆ ಕೆಲವರು ಗಾಬರಿಯಾಗುತ್ತಾರೆ; ಸಾಮಾನ್ಯವಾಗಿ ಅದರಿಂದ ಬರುವ ಪಾಲು ಅತ್ಯಲ್ಪ, ಮುಖ್ಯ ಮೂಲ ಮನೆಯಡಿಯ ಮಣ್ಣೇ.

ಇನ್ನು ಆಯ್ಕೆಯ ವಿಚಾರ. ಪಕ್ಕದ ಮನೆಯ ಅಳತೆ ಕಡಿಮೆ ಬಂದಿದೆ ಎಂಬ ಕಾರಣಕ್ಕೆ ನಿಮ್ಮ ನಿವೇಶನವೂ ಹಾಗೆಯೇ ಇರುತ್ತದೆ ಎನ್ನಲಾಗದು. ಬರಿಯ ಮಣ್ಣನ್ನು ಪರೀಕ್ಷಿಸಿ ಮನೆಯೊಳಗಿನ ಮಟ್ಟವನ್ನು ಮುಂಚಿತವಾಗಿ ಹೇಳುವುದೂ ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ರಕ್ಷಣೆ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. 2009ರ ಜೂನ್‌ನಿಂದ ಮಿನ್ನೆಸೋಟಾದ ಕಟ್ಟಡ ನಿಯಮವೇ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿದೆ. ನಿಮ್ಮ ಮುಂದಿರುವ ನಿಜವಾದ ಆಯ್ಕೆ ಎಂದರೆ ನೆಲದಡಿಯ ಗಾಳಿಯನ್ನು ಛಾವಣಿಯ ಮೇಲಕ್ಕೆ ಒಯ್ಯುವ ಕೊಳವೆಯನ್ನು ಅದರ ಸಹಜ ಸೆಳೆತಕ್ಕೇ ಬಿಡುವುದೇ, ಅಥವಾ ಮೊದಲ ದಿನದಿಂದಲೇ ಫ್ಯಾನ್ ಕೂರಿಸುವುದೇ ಎಂಬುದು. ಬೇಸ್‌ಮೆಂಟಿನಲ್ಲಿ ಅಪ್ಪ ಅಮ್ಮನಿಗೆಂದು ಮಲಗುವ ಕೋಣೆ ಮಾಡುವವರು ಮೊದಲೇ ಫ್ಯಾನ್ ಹಾಕಿಸುವುದು ಲೇಸೆಂದು ನನ್ನ ಅಭಿಪ್ರಾಯ. ಉಳಿದವರು ವಾಸಕ್ಕೆ ಬಂದ ಮೇಲೆ ಮಾಡುವ ಪರೀಕ್ಷೆಯ ಫಲ ನೋಡಿ ನಿರ್ಧರಿಸಬಹುದು. ಬಿರುಕುಗಳನ್ನು ಮುಚ್ಚಿದರೆ ಸಾಕೆಂದು ಹೇಳುವ ಬಿಲ್ಡರನ ಮಾತನ್ನು ಒಪ್ಪಬೇಡಿ. ಮುಚ್ಚುವುದು ಸಹಾಯಕ ಕೆಲಸ, ಅದೊಂದೇ ರಕ್ಷಣೆಯಾಗದು.

ಪಾಯದ ಒಳಗೆ ಮೊದಲು ಕನಿಷ್ಠ 4 ಅಂಗುಲ ದಪ್ಪಕ್ಕೆ, ಪುಡಿಯಿಲ್ಲದ ತೊಳೆದ ಜಲ್ಲಿಯನ್ನು ಹರಡಬೇಕು. ಜಲ್ಲಿಯ ಸಂದುಗಳಲ್ಲಿ ಗಾಳಿ ಅಡ್ಡಡ್ಡ ಚಲಿಸಿ ಕೊಳವೆಯ ಬಾಯಿಗೆ ಬರಬೇಕಾದ್ದರಿಂದ ಮರಳು ಬೆರೆತ ಅಗ್ಗದ ಜಲ್ಲಿ ಇಲ್ಲಿ ಕೆಲಸಕ್ಕೆ ಬಾರದು. ಜಲ್ಲಿಯೊಳಗೆ ರಂಧ್ರಗಳಿರುವ ಕೊಳವೆಯ ತುಂಡೊಂದನ್ನು ಮಲಗಿಸಿ, ಅದಕ್ಕೆ ಟಿ ಆಕಾರದ ಜೋಡಣೆಯಿಂದ 3 ಅಥವಾ 4 ಅಂಗುಲದ ಪಿವಿಸಿ ಕೊಳವೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಇವುಗಳ ಮೇಲೆ 6 ಮಿಲ್, ಅಂದರೆ ಸುಮಾರು 0.15 ಮಿಲಿಮೀಟರ್ ದಪ್ಪದ ಪಾಲಿಥೀನ್ ಹಾಳೆ ಬರಬೇಕು. ಎರಡು ಹಾಳೆ ಕೂಡುವಲ್ಲಿ ಒಂದರ ಮೇಲೊಂದು 12 ಅಂಗುಲ ಹೊದೆಯಬೇಕು.

ನಮ್ಮ ಮನೆಯ ಕಾಂಕ್ರೀಟ್ ಸುರಿಯುವ ದಿನ ಬೆಳಗ್ಗೆ ಬೇಗನೆ ಹೋಗಿ ನೋಡಿದಾಗ, ಬಚ್ಚಲಿನ ಕೊಳಾಯಿ ಕೆಲಸದವರು ಹಾಳೆಯನ್ನು ಅಂಗೈಯಗಲ ಕತ್ತರಿಸಿ ಹಾಗೆಯೇ ಬಿಟ್ಟು ಹೋಗಿದ್ದರು. ಬಗ್ಗಿದರೆ ಒಳಗಿನ ಬೂದು ಜಲ್ಲಿ ಕಾಣುತ್ತಿತ್ತು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಆತ ಟೇಪು ತಂದು ತೇಪೆ ಹಚ್ಚಲು ಐದು ನಿಮಿಷ ಹಿಡಿಯಿತು. ಒಂದು ಗಂಟೆ ತಡವಾಗಿ ಹೋಗಿದ್ದರೆ ಆ ತೂತು ಕಾಂಕ್ರೀಟಿನಡಿ ಸೇರಿಬಿಡುತ್ತಿತ್ತು. ಆದಕಾರಣ ರಜೆ ಹಾಕಿಯಾದರೂ ಆ ಬೆಳಗ್ಗೆ ಅಲ್ಲಿರಿ; ಹಾಳೆ ಮುಚ್ಚುವ ಮುನ್ನ ಜಲ್ಲಿಯ, ಮುಚ್ಚಿದ ಮೇಲೆ ಹಾಳೆಯ ಚಿತ್ರಗಳನ್ನು ಅಳತೆಪಟ್ಟಿ ಕಾಣುವಂತೆ ತೆಗೆದಿಟ್ಟುಕೊಳ್ಳಿ.

ಕಾಂಕ್ರೀಟ್ ಗಟ್ಟಿಯಾದ ಬಳಿಕ ಗೋಡೆಯೂ ನೆಲವೂ ಸೇರುವ ಸಂದು, ಕೊಳವೆಗಳ ಸುತ್ತಲಿನ ಬಿರುಕು ಇವುಗಳಿಗೆ ಪಾಲಿಯುರೆಥೇನ್ ಕಾಲ್ಕ್ ಎಂಬ ಸಂದು ಮುಚ್ಚುವ ಅಂಟನ್ನು ತುಂಬಿಸಬೇಕು. ಸಂಪಿಗೂ ಗಾಳಿಯಾಡದ ಮುಚ್ಚಳ ಬೇಕು. ಇಲ್ಲಿ ಸಂಪ್ ಎಂದರೆ ಬೆಂಗಳೂರಿನ ಕುಡಿಯುವ ನೀರಿನ ತೊಟ್ಟಿಯಲ್ಲ, ಪಾಯದ ಸುತ್ತ ಜಿನುಗುವ ನೀರನ್ನು ಕೂಡಿಸಿ ಹೊರಹಾಕುವ ಗುಂಡಿ.

ನೆಟ್ಟಗೆ ನಿಂತ ಕೊಳವೆ ಮನೆಯ ಬೆಚ್ಚಗಿನ ಭಾಗದ ಮೂಲಕವೇ, ಆದಷ್ಟು ಕಡಿಮೆ ತಿರುವುಗಳೊಡನೆ, ಅಟ್ಟವನ್ನು ದಾಟಿ ಛಾವಣಿಯ ಮೇಲೆ ಹೊರಬರಬೇಕು. ಫ್ಯಾನ್ ಇಲ್ಲದ ಕೊಳವೆಗೆ ಸೆಳೆತ ಬರುವುದೇ ಒಳಗಿನ ಬಿಸುಪಿನಿಂದ. ಹೊರಗೋಡೆಗೆ ಅಂಟಿಸಿ ಒಯ್ದರೆ ಆ ಸೆಳೆತ ಕುಂದುತ್ತದೆ. ಒಳಗೆ ಹನಿಯುವ ತೇವ ಎಲ್ಲಿಯೂ ನಿಲ್ಲದೆ ಕೆಳಗಿಳಿದು ಜಲ್ಲಿಗೆ ಸೇರುವಂತೆ ಅಡ್ಡ ಭಾಗಗಳಿಗೆ ಇಳಿಜಾರು ಕೊಡಬೇಕು. ತುದಿ ಛಾವಣಿಗಿಂತ ಕನಿಷ್ಠ 12 ಅಂಗುಲ ಮೇಲೆ, ಹತ್ತಿರದ ಕಿಟಕಿಗಳಿಂದ 10 ಅಡಿ ದೂರದಲ್ಲಿ ಇರಲಿ. ಮುಂದೆ ಯಾರೋ ಅದನ್ನು ಚರಂಡಿಯ ಕೊಳವೆಯೆಂದು ತಿಳಿದು ಸಿಂಕ್ ಜೋಡಿಸದಂತೆ ಪ್ರತಿ ಅಂತಸ್ತಿನಲ್ಲೂ ರೇಡಾನ್ ಕೊಳವೆ ಎಂಬ ಚೀಟಿ ಅಂಟಿಸಿಸಿ. ಅಟ್ಟದಲ್ಲಿ ಫ್ಯಾನ್ ಕೂರುವಷ್ಟು ನೇರ ಜಾಗವೂ ವಿದ್ಯುತ್ ಸಂಪರ್ಕವೂ ಇವೆಯೇ ಎಂದು ನೀವೇ ಮೇಲೆ ಹತ್ತಿ ನೋಡಿ.

ವಾಸಕ್ಕೆ ಬಂದ ಮೇಲೆ ಬಳಸುವ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ ಪರೀಕ್ಷೆ ಮಾಡಿ. ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಪೊಟ್ಟಣದ ಅಲ್ಪಾವಧಿ ಪರೀಕ್ಷೆಗೆ ಎರಡರಿಂದ ಏಳು ದಿನ ಸಾಕು. ಆರಂಭಕ್ಕೆ 12 ಗಂಟೆ ಮೊದಲಿನಿಂದ ಮುಗಿಯುವವರೆಗೆ ಕಿಟಕಿ ಬಾಗಿಲು ಮುಚ್ಚಿರಬೇಕು. 90 ದಿನ ಮೀರುವ ದೀರ್ಘಾವಧಿ ಪರೀಕ್ಷೆ ವರ್ಷದ ಸರಾಸರಿಗೆ ಹೆಚ್ಚು ಹತ್ತಿರ. ಅಳತೆ 4ನ್ನು ಮುಟ್ಟಿದರೆ ಪರವಾನಗಿಯುಳ್ಳ ತಜ್ಞರಿಂದ ಫ್ಯಾನ್ ಹಾಕಿಸಿ. ಅಟ್ಟದಲ್ಲಿ ಅಥವಾ ಹೊರಗೆ ಮಾತ್ರ ಅದನ್ನು ಕೂರಿಸಬೇಕು. ವಾಸದ ಭಾಗದಲ್ಲಿ ಕೂರಿಸಿದರೆ ಮೇಲಿನ ಕೊಳವೆ ಸೋರಿದಾಗ ಅನಿಲ ಮನೆಯೊಳಕ್ಕೇ ಬರುತ್ತದೆ. ಫ್ಯಾನ್ ಬಂದ ಮೇಲೆ ಕೊಳವೆಗೆ ಬಣ್ಣದ ದ್ರವವಿರುವ ಯು ಆಕಾರದ ಪಾರದರ್ಶಕ ನಳಿಗೆಯೊಂದನ್ನು ಜೋಡಿಸುತ್ತಾರೆ: ಎರಡು ಕಾಲುಗಳಲ್ಲಿ ದ್ರವ ಏರುಪೇರಾಗಿದ್ದರೆ ಸೆಳೆತವಿದೆ, ಸಮವಾಗಿದ್ದರೆ ಫ್ಯಾನ್ ನಿಂತಿದೆ. ಬಟ್ಟೆ ಒಗೆಯಲು ಕೆಳಗಿಳಿದಾಗ ಅತ್ತ ಒಮ್ಮೆ ಕಣ್ಣು ಹಾಯಿಸುವ ರೂಢಿ ಮಾಡಿಕೊಳ್ಳಿ. ಪರೀಕ್ಷೆಯ ಚೀಟಿಗಳನ್ನೂ ಆ ಬೆಳಗಿನ ಚಿತ್ರಗಳನ್ನೂ ಮನೆಯ ಕಡತದಲ್ಲಿಡಿ. ಮಾರುವಾಗ ರೇಡಾನ್ ವಿವರವನ್ನು ಕೊಳ್ಳುವವರಿಗೆ ತಿಳಿಸಬೇಕೆಂಬ ಕಾನೂನು 2014ರಿಂದ ಇಲ್ಲಿ ಜಾರಿಯಲ್ಲಿದೆ.