ಎಲೆಕ್ಟ್ರಿಕಲ್ ಅಂಗಡಿಯ ಜಿಎಸ್‌ಟಿ: ಎಲ್ಲೆಲ್ಲಿ ಎಡವುತ್ತೇವೆ, ಹೇಗೆ ಸರಿಪಡಿಸಬೇಕು

ವೈರು, ಸ್ವಿಚ್ಚು, ಎಂಸಿಬಿ, ಫ್ಯಾನು, ಎಲ್‌ಇಡಿ ಬಲ್ಬು, ಮೋಟಾರು, ಸಬ್‌ಮರ್ಸಿಬಲ್ ಪಂಪು, ಪಿವಿಸಿ ಪೈಪು. ಅಂಗಡಿಯ ಕಪಾಟಿನಲ್ಲಿರುವ ಬಹುಪಾಲು ಮಾಲಿಗೆ ದರ ಒಂದೇ, ಶೇ. 18. 2025ರ ಸೆಪ್ಟೆಂಬರ್ 22ರಿಂದ ಎಸಿ, ದೊಡ್ಡ ಟಿವಿ, ಇನ್ವರ್ಟರ್ ಬ್ಯಾಟರಿಗಳೂ 28ರಿಂದ 18ಕ್ಕೆ ಇಳಿದಿವೆ. ಸೋಲಾರ್ ಪ್ಯಾನೆಲ್, ಸೋಲಾರ್ ವಾಟರ್ ಹೀಟರ್ 12ರಿಂದ 5ಕ್ಕೆ ಬಂದಿವೆ. ಹಳೇ ದರದಲ್ಲಿ ಕೊಂಡ ಸ್ಟಾಕ್ ಇದ್ದರೂ ಮಾರುವ ದಿನದ ದರವನ್ನೇ ಹಾಕಬೇಕು. ದರದಲ್ಲಿ ತಪ್ಪುವವರು ಈಗ ಕಡಿಮೆ. ನೋಟಿಸು ಬರುವುದು ನೋಂದಣಿ ಮಿತಿ, ಎಕ್ಸ್‌ಚೇಂಜ್ ಬಿಲ್ಲು, ಉದ್ರಿ ಖರೀದಿ, ಮಳಿಗೆ ಬಾಡಿಗೆಗಳಿಂದ.

ಮೊದಲು ಮಿತಿ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಇಲ್ಲಿ ‘ಬರೀ’ ಅನ್ನುವುದನ್ನು ಮರೆಯಬೇಡಿ. ಅದೇ ಅಂಗಡಿಯ ಹೆಸರಲ್ಲಿ ಮನೆ ವೈರಿಂಗ್ ಗುತ್ತಿಗೆ ಹಿಡಿದರೆ, ಮೋಟಾರ್ ರೀವೈಂಡಿಂಗ್ ಮಾಡಿಕೊಟ್ಟರೆ, ಅದು ಸೇವೆ. ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಜಗಳೂರು, ಚಳ್ಳಕೆರೆ ಕಡೆ ಬೋರ್‌ವೆಲ್ ಮೋಟಾರಿನ ಕೆಲಸ ಮಾಡದ ಎಲೆಕ್ಟ್ರಿಕಲ್ ಅಂಗಡಿ ಸಿಗುವುದೇ ಕಷ್ಟ. ಹಾಗಾಗಿ ಅಲ್ಲಿ 40 ಲಕ್ಷ ಎಂದು ನಂಬಿ ಕೂರುವುದು ಅಪಾಯ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ಎಲ್ಲರಿಗೂ ನೆನಪಿರುತ್ತದೆ. ಅಂಗಡಿಯ ಕ್ಯೂಆರ್‌ಗೆ ತಮ್ಮನ ಕೈಸಾಲ, ಚೀಟಿ ದುಡ್ಡು ಬಂದು ಬಿದ್ದರೆ ಅದೂ ವಹಿವಾಟಿನಂತೆಯೇ ಕಾಣುತ್ತದೆ. ಅಂಗಡಿಗೆ ಪ್ರತ್ಯೇಕ ಕರೆಂಟ್ ಅಕೌಂಟ್ ಇಟ್ಟು, ಮನೆಯ ಲೇವಾದೇವಿಯನ್ನು ಅದರ ಹತ್ತಿರ ಸುಳಿಯಲು ಬಿಡಬೇಡಿ.

ಆಂಧ್ರದ ಗಡಿಗೆ ಅಂಟಿದ ಮೊಳಕಾಲ್ಮುರಿನಲ್ಲಿ ಇನ್ನೊಂದು ತೊಡಕಿದೆ. ಹೊರರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇರಲಿ, ನೋಂದಣಿ ಕಡ್ಡಾಯ. 2023ರ ಅಕ್ಟೋಬರ್ 1ರಿಂದ, ನೋಂದಣಿ ಇಲ್ಲದ ಗಿರಾಕಿಯ ಬಿಲ್ಲಿನಲ್ಲಿ ಬರೆದ ವಿಳಾಸ ಯಾವ ರಾಜ್ಯದ್ದೋ ಮಾರಾಟವೂ ಆ ರಾಜ್ಯಕ್ಕೇ ಎಂದು ಲೆಕ್ಕ. ಆಂಧ್ರದ ರಾಯದುರ್ಗದ ರೈತ ಬಂದು ಪಂಪ್‌ಸೆಟ್ ಒಯ್ದು ಬಿಲ್ಲಿನಲ್ಲಿ ಊರಿನ ವಿಳಾಸ ಬರೆಸಿದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) 9, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 9 ಅಲ್ಲ, ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ ತೆರಿಗೆ) 18 ಹಾಕಬೇಕು. 50,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಬಿಲ್ಲಿಗೆ ಗಿರಾಕಿಯ ಹೆಸರು, ವಿಳಾಸ ಬರೆಯಲೇಬೇಕು, ಬಿಡುವಂತಿಲ್ಲ.

ವಹಿವಾಟು 1.5 ಕೋಟಿಯೊಳಗಿದ್ದರೆ ಕಾಂಪೊಸಿಷನ್ ಯೋಜನೆಗೆ, ಅಂದರೆ ಸಣ್ಣವರಿಗಿರುವ ಸರಳ ತೆರಿಗೆ ಪದ್ಧತಿಗೆ ಹೋಗಬಹುದು. ವ್ಯಾಪಾರಿಗೆ ತೆರಿಗೆ ವಹಿವಾಟಿನ ಶೇ. 1. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ತೆರಿಗೆ ವಾಪಸು ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಕೊಡಬೇಕಾದದ್ದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ (ತೆರಿಗೆ ತೋರಿಸದ ಬಿಲ್ಲು). ರಿಪೇರಿಯಂಥ ಸೇವೆ ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅಷ್ಟರೊಳಗಿರಬೇಕು. ಮನೆಮಂದಿಯೇ ಗಿರಾಕಿಗಳಾಗಿರುವ ಬಡಾವಣೆಯ ಅಂಗಡಿಗೆ ಇದು ಒಗ್ಗುತ್ತದೆ. ರೈಸ್‌ಮಿಲ್ಲು, ಗುತ್ತಿಗೆದಾರರು, ಕಾರ್ಖಾನೆಗಳಿಗೆ ಮಾಲು ಹಾಕುವವರು ಇದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ಅವರಿಗೆ ನಿಮ್ಮ ಬಿಲ್ಲಿನಿಂದ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ) ಸಿಗದಿದ್ದರೆ ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಬಿಲ್ಲಿನ ವಿಷಯ. ಕ್ರಮಸಂಖ್ಯೆ 16 ಅಕ್ಷರ ಮೀರಬಾರದು, ವರ್ಷದೊಳಗೆ ಮರುಕಳಿಸಬಾರದು. ವಹಿವಾಟು 5 ಕೋಟಿಯವರೆಗೆ ಇದ್ದರೆ ಎಚ್‌ಎಸ್‌ಎನ್ (ಸರಕಿನ ಬಗೆ ಗುರುತಿಸುವ ಸಂಕೇತ ಸಂಖ್ಯೆ) 4 ಅಂಕಿ ಸಾಕು: ವೈರು-ಕೇಬಲ್‌ಗೆ 8544, ಸ್ವಿಚ್ಚು-ಪ್ಲಗ್ಗು-ಎಂಸಿಬಿಗೆ 8536, ಬಲ್ಬಿಗೆ 8539, ಫ್ಯಾನಿಗೆ 8414, ಪಂಪಿಗೆ 8413, ಮೋಟಾರಿಗೆ 8501, ಬ್ಯಾಟರಿಗೆ 8507. 5 ಕೋಟಿ ದಾಟಿದರೆ 6 ಅಂಕಿ, ಜೊತೆಗೆ ನೋಂದಾಯಿತ ಗಿರಾಕಿಗಳಿಗೆ ಇ-ಇನ್‌ವಾಯ್ಸ್ (ಸರಕಾರಿ ಪೋರ್ಟಲ್‌ನಲ್ಲಿ ದಾಖಲಿಸಿದ ಬಿಲ್ಲು). 200 ರೂಪಾಯಿಗಿಂತ ಕಡಿಮೆಯ ಚಿಲ್ಲರೆ ಮಾರಾಟಕ್ಕೆ ಗಿರಾಕಿ ಬಿಲ್ಲು ಕೇಳದಿದ್ದರೆ ದಿನದ ಕೊನೆಗೆ ಒಟ್ಟು ಸೇರಿಸಿ ಒಂದೇ ಬಿಲ್ಲು ಬರೆದರಾಯಿತು. ತೆರಿಗೆ ಸೇರಿದ ಬೆಲೆಯಿಂದ ತೆರಿಗೆ ತೆಗೆಯಲು 118ರಿಂದ ಭಾಗಿಸಿ 18ರಿಂದ ಗುಣಿಸಿ: 2,360 ರೂ. ಬೆಲೆಯ ವೈರ್ ಕಾಯಿಲ್‌ನಲ್ಲಿ ತೆರಿಗೆ 360. ನೇರವಾಗಿ 2,360ರ ಶೇ. 18 ಲೆಕ್ಕ ಹಾಕಿದರೆ 424 ರೂ. 80 ಪೈಸೆ ಬರುತ್ತದೆ, ಅದು ತಪ್ಪು. 90 ಮೀಟರ್ ಕಾಯಿಲ್ ಕೊಂಡು ಮೀಟರ್ ಲೆಕ್ಕದಲ್ಲಿ ಮಾರುವವರು ಸಾಫ್ಟ್‌ವೇರಿನಲ್ಲಿ ಖರೀದಿಯನ್ನೂ ಮೀಟರಿಗೇ ಪರಿವರ್ತಿಸಿ ಇಡಿ, ಇಲ್ಲವಾದರೆ ಸ್ಟಾಕ್ ಲೆಕ್ಕ ಎಂದಿಗೂ ತಾಳೆಯಾಗದು.

ಹೆಚ್ಚು ಜನ ಎಡವುವುದು ಎಕ್ಸ್‌ಚೇಂಜ್‌ನಲ್ಲಿ. ಹೊಸ ಇನ್ವರ್ಟರ್ ಬ್ಯಾಟರಿಗೆ ತೆರಿಗೆ ಬಿಟ್ಟು 14,000 ರೂ. ಹಳೇ ಬ್ಯಾಟರಿಗೆ 2,000 ಮುರಿದುಕೊಂಡು 12,000ಕ್ಕೆ ತೆರಿಗೆ ಹಾಕುವುದು ರೂಢಿ. ಕಾನೂನಿನ ಪ್ರಕಾರ ತೆರಿಗೆ ಬೀಳುವುದು 14,000ದ ಮೇಲೆ, ಅಂದರೆ 2,160 ರೂ.ಗಿಂತ 360 ಹೆಚ್ಚು, 2,520. ಹಳೇ ಬ್ಯಾಟರಿಯೂ ಬೆಲೆಯ ಒಂದು ಭಾಗವೇ, ಅದನ್ನು ರಿಯಾಯಿತಿ ಎಂದು ತೋರಿಸುವಂತಿಲ್ಲ. ಬಿಲ್ಲಿನಲ್ಲಿ ಪೂರ್ತಿ ಬೆಲೆ, ತೆರಿಗೆ ಬರೆದು, ಅದರ ಕೆಳಗೆ ಹಳೆಯದರ ಮೊತ್ತ ಕಳೆಯಿರಿ. ರೀವೈಂಡಿಂಗ್‌ನಲ್ಲಿ ಹಳೇ ತಾಮ್ರ ಇಟ್ಟುಕೊಂಡು ಬಿಲ್ಲು ತಗ್ಗಿಸುವುದಕ್ಕೂ ಇದೇ ಮಾತು. ಆ ತಾಮ್ರವನ್ನು ಗುಜರಿಗೆ ಹಾಕುವಾಗಲೂ ಶೇ. 18ರ ಬಿಲ್ಲು ಬರೆಯಬೇಕು. ಆದರೆ ಗ್ಯಾರಂಟಿ ಅವಧಿಯಲ್ಲಿ ಉಚಿತವಾಗಿ ಬದಲಿಸಿಕೊಟ್ಟ ಬಲ್ಬಿಗೆ ಮತ್ತೆ ತೆರಿಗೆ ಇಲ್ಲ.

ಖರೀದಿಯ ಕ್ರೆಡಿಟ್ ಸಿಗಬೇಕಾದರೆ ಬಿಲ್ಲು ಕೈಯಲ್ಲಿದ್ದರೆ ಸಾಲದು, ಅದು ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರು ಏರಿಸಿದ ಬಿಲ್ಲುಗಳಿಂದ ಪೋರ್ಟಲ್ ತಯಾರಿಸುವ ಪಟ್ಟಿ) ಕಾಣಬೇಕು. ಪ್ರತಿ ತಿಂಗಳು 14ರಂದು 2ಬಿ ಇಳಿಸಿಕೊಂಡು ಖರೀದಿ ಪುಸ್ತಕದ ಜೊತೆ ಸಾಲುಸಾಲಾಗಿ ತಾಳೆ ನೋಡಿ. ಬೆಂಗಳೂರಿನ ಸಗಟು ವ್ಯಾಪಾರಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವನಾಗಿದ್ದು ನಡುವಿನ ತಿಂಗಳುಗಳಲ್ಲಿ ಬಿಲ್ಲು ಏರಿಸದಿದ್ದರೆ ಏಪ್ರಿಲ್‌ನ 3 ಲಕ್ಷದ ಖರೀದಿಯ 54,000 ರೂ. ಕ್ರೆಡಿಟ್ ನಿಮಗೆ ಕಾಣುವುದು ಜುಲೈಗೆ. ಅಲ್ಲಿಯವರೆಗೆ ಗಲ್ಲಾದಿಂದಲೇ ಕಟ್ಟಬೇಕು. ಹಾಗಾಗಿ ಮಾಲಿನ ದರ ಚೌಕಾಸಿ ಮಾಡುವಾಗಲೇ ಅವನು ರಿಟರ್ನ್ ಯಾವಾಗ ಹಾಕುತ್ತಾನೆ ಎಂದೂ ಕೇಳಿ.

ಉದ್ರಿ ತಂದ ಮಾಲಿಗೆ ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಒಡೆದ ಟ್ಯೂಬು, ಕಳುವಾದ ಮಾಲು, ಪುಕ್ಕಟೆ ಕೊಟ್ಟ ಉಡುಗೊರೆಯ ಕ್ರೆಡಿಟ್ಟೂ ವಾಪಸು ಹೋಗಬೇಕು.

ಮಳಿಗೆಯ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ನಿಮಗಿದೆ ಎಂದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ. 18 ತೆರಿಗೆ ನೀವೇ ಕಟ್ಟಬೇಕು. 20,000 ಬಾಡಿಗೆಗೆ 3,600. ನಿಮ್ಮ ಹೆಸರಲ್ಲೇ ಸ್ವಯಂ ಬಿಲ್ಲು ಬರೆದು, ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) ನಮೂನೆಯ 3.1(ಡಿ)ಯಲ್ಲಿ ತೋರಿಸಿ ನಗದಾಗಿ ಕಟ್ಟಿ. ಅದೇ ತಿಂಗಳು 4(ಎ)(3)ರಲ್ಲಿ ಕ್ರೆಡಿಟ್ ತೆಗೆದುಕೊಂಡರೆ ಕೈಯಿಂದ ಹೋಗುವುದು ಏನೂ ಇಲ್ಲ. ಕಾಂಪೊಸಿಷನ್‌ನವರಿಗೆ ಈ ಬಾಡಿಗೆ ತೆರಿಗೆ ಅನ್ವಯಿಸುವುದಿಲ್ಲ.

ತೆರಿಗೆ ಸೇರಿ 50,000 ಮೀರಿದ ಮಾಲು ಗಾಡಿ ಹತ್ತುವ ಮೊದಲು ಇ-ವೇ ಬಿಲ್ಲು (ಸಾಗಣೆಗೆ ಪೋರ್ಟಲ್‌ನಲ್ಲಿ ಪಡೆಯುವ ಪರವಾನಗಿ ಚೀಟಿ) ಬೇಕು, ದಾವಣಗೆರೆಯಿಂದ ಚನ್ನಗಿರಿಯ ತೋಟಕ್ಕೆ ಹೋದರೂ. ಎತ್ತಿನ ಗಾಡಿಯಲ್ಲಿ ಒಯ್ದರೆ ಮಾತ್ರ ಬೇಡ! 200 ಕಿ.ಮೀ.ಗೆ ಒಂದು ದಿನದ ಅವಧಿ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿ.ಮೀ., ಅಂದರೆ ಎರಡು ದಿನ. ದಾರಿಯಲ್ಲಿ ಲಾರಿ ಬದಲಾದರೆ ಇ-ವೇ ಬಿಲ್ಲಿನ ಪಾರ್ಟ್-ಬಿಯಲ್ಲಿ (ವಾಹನದ ವಿವರದ ಭಾಗ) ಹೊಸ ನಂಬರು ಹಾಕಿಸಿ. ಸಿಕ್ಕಿಬಿದ್ದರೆ ದಂಡ ತೆರಿಗೆಯ ಎರಡು ಪಟ್ಟು.

ರಿಟರ್ನ್ ತಿಂಗಳಿಗೊಮ್ಮೆ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ) ಮುಂದಿನ ತಿಂಗಳ 11ಕ್ಕೆ, 3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಹಾಕುವವರಿಗೆ ಕರ್ನಾಟಕದಲ್ಲಿ 13 ಮತ್ತು 22. ಮೂರರಲ್ಲಿ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ತಿಂಗಳ ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ತಡವಾದರೆ ದಿನಕ್ಕೆ 50 ರೂ., ಉಳಿದ ತೆರಿಗೆಗೆ ವರ್ಷಕ್ಕೆ ಶೇ. 18 ಬಡ್ಡಿ.

ಗ್ರಾಮ ಪಂಚಾಯಿತಿಗೆ ಬೀದಿದೀಪ ಪೂರೈಸುವವರಿಗೆ ಒಂದು ಮಾತು. ತೆರಿಗೆ ಬಿಟ್ಟು ಗುತ್ತಿಗೆಯ ಮೊತ್ತ 2.5 ಲಕ್ಷ ದಾಟಿದರೆ ಶೇ. 2 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದೇ ಬಿಲ್ಲು ಪಾಸಾಗುತ್ತದೆ. ಆ ದುಡ್ಡು ತಾನಾಗಿ ಪೋರ್ಟಲ್‌ನಲ್ಲಿರುವ ನಿಮ್ಮ ನಗದು ಲೆಡ್ಜರ್‌ಗೆ (ತೆರಿಗೆ ಕಟ್ಟಲು ಇಡುವ ಹಣದ ಖಾತೆ) ಬರುವುದಿಲ್ಲ. ಪೋರ್ಟಲ್‌ನಲ್ಲಿ ‘ಟಿಡಿಎಸ್ ಮತ್ತು ಟಿಸಿಎಸ್ ಕ್ರೆಡಿಟ್’ ತೆರೆದು, ಒಪ್ಪಿಗೆ ಕೊಟ್ಟು ಸಲ್ಲಿಸಿದ ಮೇಲೆಯೇ ಅದನ್ನು ತೆರಿಗೆ ಕಟ್ಟಲು ಬಳಸಬಹುದು.