ಅವರೆಕಾಳು ಹಿತುಕಿದ ಕೈಗಳು

ಮಗಳಿಗೆ ಮೂರು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿ ಊಟ ಅಂದರೆ ಮೊಬೈಲು. ಮೊಬೈಲು ಹಚ್ಚಿ ಎದುರಿಗಿಟ್ಟರೆ ಬಾಯಿ ತೆರೆಯುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಒಂದೊಂದು ಊಟಕ್ಕೂ ಮುಕ್ಕಾಲು ಗಂಟೆ. ಬಾಯಿಗೆ ಹೋದದ್ದು ಅನ್ನವೋ ಉಪ್ಪಿಟ್ಟೋ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಬರೀ ಊಟದ ಹೊತ್ತು ಲೆಕ್ಕ ಹಾಕಿದರೂ ಎರಡು ಗಂಟೆ ದಾಟುತ್ತಿತ್ತು. ಮಗ ಆಗ ಏಳು ವರ್ಷದವನು. ಅವನದು ಬೇರೆ ಥರ. ತಟ್ಟೆಯಲ್ಲಿ ಹಸಿರು ಕಂಡರೆ ಸಾಕು, ಬೆರಳಲ್ಲಿ ಒಂದೊಂದೇ ಎತ್ತಿ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ.

ನನ್ನ ಹೆಂಡತಿ ನರ್ಸ್. ಅವಳಿಗೆ ಮಧ್ಯಾಹ್ನದ ಪಾಳಿ ಇದ್ದ ವಾರ ರಾತ್ರಿಯ ಅಡುಗೆ, ಊಟ ಎಲ್ಲ ನನ್ನ ಪಾಲು. ಅಡುಗೆ ನನಗೆ ಇಷ್ಟ. ಆದರೆ ಮಾಡಿದ್ದನ್ನು ತಿನ್ನಿಸುವಷ್ಟರಲ್ಲಿ ಸಾಕಾಗಿ ಹೋಗುತ್ತಿತ್ತು. ಎಷ್ಟೋ ದಿನ ಕೊನೆಗೆ ರೇಗಿ ಮಕ್ಕಳನ್ನು ಅಳಿಸಿ ಮಲಗಿಸಿದ್ದೇನೆ. ಅದು ನೆನಪಾದರೆ ಈಗಲೂ ನೋವಾಗುತ್ತದೆ.

ಆ ವರ್ಷ ಡಿಸೆಂಬರಿನಲ್ಲಿ ಅಮ್ಮ ಮಾಗಡಿಯಿಂದ ಅರ್ಧ ಚೀಲ ಅವರೆಕಾಯಿ ಹಿಡಿದುಕೊಂಡು ಬೆಂಗಳೂರಿಗೆ ಬಂದರು. ಒಳ್ಳೆ ಇಬ್ಬನಿ ಬಿದ್ದ ಮೇಲೆ ಕಿತ್ತ ಕಾಯಿ. ಚೀಲ ಬಿಚ್ಚುತ್ತಿದ್ದ ಹಾಗೆ ಮನೆಯೆಲ್ಲ ಸೊಗಡು. ಹಾಲಿನಲ್ಲಿ ಪೇಪರ್ ಹಾಸಿಕೊಂಡು ಸಂಜೆಯೆಲ್ಲ ಸುಲಿದರು. ರಾತ್ರಿ ಕಾಳನ್ನು ನೀರಿಗೆ ಹಾಕಿ ಮಲಗಿದರು. ಬೆಳಿಗ್ಗೆ ಒಂದು ಬೋಗುಣಿಯಲ್ಲಿ ನೆಂದ ಕಾಳು, ಇನ್ನೊಂದು ಖಾಲಿ ಬೋಗುಣಿ, ಪಕ್ಕದಲ್ಲಿ ಸಿಪ್ಪೆಗೆ ಒಂದು ತಟ್ಟೆ ಇಟ್ಟುಕೊಂಡು ನೆಲದ ಮೇಲೆ ಕೂತರು. ಯಾರನ್ನೂ ಕರೆಯಲಿಲ್ಲ.

ಮಗಳು ತಾನಾಗಿ ಹೋಗಿ ಕೂತಳು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅಮ್ಮ ಒಂದು ಕಾಳು ಎತ್ತಿ ಅವಳ ಕೈಗಿಟ್ಟರು. ರಾತ್ರಿಯೆಲ್ಲ ನೆಂದು ಉಬ್ಬಿದ ಕಾಳು, ಸಿಪ್ಪೆ ಸಡಿಲವಾಗಿತ್ತು. ಕಾಳಿನ ಒಂದು ಕಡೆ ಬಿಳಿ ಮೂತಿ ಇರುತ್ತದೆ ನೋಡಿ, ಅದನ್ನು ಮುಂದಕ್ಕೆ ಮಾಡಿ, ಹಿಂದಿನಿಂದ ಹೆಬ್ಬೆರಳು ತೋರುಬೆರಳಲ್ಲಿ ಒತ್ತಬೇಕು. ಮಗಳು ಒತ್ತಿದಳು. ಪಿಚಕ್ ಅಂತ ಬೇಳೆ ಹಾರಿ ಗೋಡೆಗೆ ಬಡಿಯಿತು, ಖಾಲಿ ಸಿಪ್ಪೆ ಬೆರಳ ಸಂದಿಯಲ್ಲೇ ಉಳಿಯಿತು. ಅವಳು ಸಿಪ್ಪೆ ನೋಡಿದಳು, ಗೋಡೆ ನೋಡಿದಳು, ಅಜ್ಜಿಯ ಮುಖ ನೋಡಿದಳು. ಎರಡನೆಯದು ಅಜ್ಜಿಯ ಸೀರೆಗೆ ಬಿತ್ತು. ಹತ್ತು ಹನ್ನೆರಡು ಆಗುವಷ್ಟರಲ್ಲಿ ಎಡಗೈಯನ್ನು ಬೊಗಸೆ ಮಾಡಿ ಅಡ್ಡ ಹಿಡಿಯುವುದನ್ನು ತಾನೇ ಕಂಡುಕೊಂಡಿದ್ದಳು. ಮುಕ್ಕಾಲು ಗಂಟೆ ಎದ್ದೇಳಲಿಲ್ಲ. ತಟ್ಟೆ ಮುಂದೆ ನಾನು ಕಳೆಯುತ್ತಿದ್ದ ಅದೇ ಮುಕ್ಕಾಲು ಗಂಟೆ!

ಮಧ್ಯಾಹ್ನ ಹಿತಕಿದ ಬೇಳೆ ಸಾರು. ತೆಂಗಿನಕಾಯಿ, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಚೂರು ಚಕ್ಕೆ ಲವಂಗ ರುಬ್ಬಿ ಹಾಕುವ ಅಮ್ಮನ ಸಾರು. ಮಕ್ಕಳಿಗೆ ಅಂತ ಖಾರ ಕಡಿಮೆ. ಸಿಪ್ಪೆ ಹೋದ ಬೇಳೆ ಬೇಗ ಬೇಯುತ್ತದೆ, ಕುಕ್ಕರ್ ಬೇಕಿಲ್ಲ. ಮಗಳು ತಟ್ಟೆಯಲ್ಲಿ ಒಂದು ಬೇಳೆ ತೋರಿಸಿ "ಇದು ನಾನು ಮಾಡಿದ್ದಾ?" ಅಂದಳು. ಹೌದು ಅಂದರು ಅಮ್ಮ. ತಿಂದಳು. ಇನ್ನೊಂದು ತೋರಿಸಿದಳು. ಅದೂ ನಿಂದೇ. ಹೀಗೇ ಒಂದೊಂದನ್ನೂ ಕೇಳುತ್ತಾ ತಟ್ಟೆ ಖಾಲಿ ಮಾಡಿದಳು. ಮೊಬೈಲು ನೆನಪಾಗಲೇ ಇಲ್ಲ, ಅವಳಿಗೂ ನನಗೂ.

ಅದಕ್ಕೂ ಮೊದಲು ನಾನು ಮಕ್ಕಳನ್ನು ಅಡುಗೆಮನೆಗೆ ಸೇರಿಸಿರಲಿಲ್ಲ ಅಂತಲ್ಲ. ಚಪಾತಿ ಮಾಡುವಾಗ ಮಗಳಿಗೆ ಒಂದು ಉಂಡೆ ಹಿಟ್ಟು ಕೊಟ್ಟು ಕೂರಿಸುತ್ತಿದ್ದೆ. ಅವಳು ಹಾವು ಮಾಡುವಳು, ಕೊನೆಗೆ ಅದು ಕಸಕ್ಕೆ ಹೋಗುವುದು. ತನ್ನ ಹಿಟ್ಟು ಯಾರೂ ತಿನ್ನುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಮ್ಮ ಕೊಟ್ಟದ್ದು ಆಟ ಅಲ್ಲ, ಕೆಲಸ. ಅವಳು ಹಿತುಕಿದ ಬೇಳೆ ಎಲ್ಲರ ತಟ್ಟೆಗೂ ಬಂತು. ನನಗೆ ಕಣ್ಣು ತೆರೆಸಿದ್ದು ಇದೇ. ಅವತ್ತಿನಿಂದ ನಾನು ಒಂದೇ ನಿಯಮ ಇಟ್ಟುಕೊಂಡೆ: ಮಕ್ಕಳಿಗೆ ಕೊಡುವ ಕೆಲಸ ನಿಜವಾದ ಕೆಲಸ ಆಗಿರಬೇಕು, ಅವರು ಮಾಡಿದ್ದು ಊಟಕ್ಕೆ ಬರಲೇಬೇಕು.

ಮಗನಿಗೆ ಕೋಸಂಬರಿ ಪೂರ್ತಿಯಾಗಿ ಬಿಟ್ಟುಕೊಟ್ಟೆ. ಒಲೆ ಬೇಡ, ಅದೇ ಅನುಕೂಲ. ಹೆಸರುಬೇಳೆ ಒಂದು ಗಂಟೆ ನೆನೆಸಬೇಕು, ನೀರು ಬಸಿಯಬೇಕು, ಸೌತೆಕಾಯಿ ಹೆಚ್ಚಬೇಕು, ಕಾಯಿತುರಿ, ನಿಂಬೆರಸ, ಉಪ್ಪು. ಒಗ್ಗರಣೆ ಮಾತ್ರ ನಂದು. ಚಾಕು ಕೊಡುವ ಮುಂಚೆ ಒಂದು ವಾರ ಬಾಳೆಹಣ್ಣು ಹೆಚ್ಚಿಸಿದೆ. ಹಣ್ಣು ಹಿಡಿದ ಕೈಯ ಬೆರಳು ಬೆಕ್ಕಿನ ಪಂಜದ ಹಾಗೆ ಒಳಕ್ಕೆ ಮಡಚಿರಬೇಕು ಅಂತ ಅಭ್ಯಾಸ ಆದಮೇಲೆ ಸೌತೆಕಾಯಿ. ಸೌತೆಕಾಯಿಯನ್ನು ಮೊದಲೇ ಉದ್ದಕ್ಕೆ ಸೀಳಿ ಕೊಡುತ್ತಿದ್ದೆ, ಚಪ್ಪಟೆ ಕಡೆ ಕೆಳಗೆ ಬಂದರೆ ಉರುಳುವುದಿಲ್ಲ. ಈಳಿಗೆಮಣೆ ಮುಟ್ಟಲು ಇನ್ನೂ ಬಿಟ್ಟಿಲ್ಲ.

ಒಂದು ಭಾನುವಾರ ಅವನು ಉಪ್ಪನ್ನು ಮೊದಲೇ ಹಾಕಿಟ್ಟು ಆಡಲು ಹೋದ. ಊಟದ ಹೊತ್ತಿಗೆ ಪಾತ್ರೆ ತಳದಲ್ಲಿ ನೀರೋ ನೀರು. "ಅಪ್ಪಾ, ನಾನು ನೀರು ಹಾಕೇ ಇಲ್ಲ" ಅಂತ ಗಾಬರಿಯಾದ. ಉಪ್ಪು ಸೌತೆಕಾಯಿಯ ನೀರನ್ನು ಎಳೆಯುತ್ತದೆ ಅಂತ ಹೇಳಿದೆ. ನಂಬಲಿಲ್ಲ. ಎರಡು ಬಟ್ಟಲಲ್ಲಿ ಸೌತೆಕಾಯಿ ಹಾಕಿ, ಒಂದಕ್ಕೆ ಮಾತ್ರ ಉಪ್ಪು ಹಾಕಿ, ಎದುರಿಗೇ ಕೂತು ನೋಡಿದ. ಈಗ ನಾವೆಲ್ಲ ತಟ್ಟೆ ಹಾಕಿಕೊಂಡ ಮೇಲೆಯೇ ಅವನು ಉಪ್ಪು ಹಾಕುವುದು. ಹಸಿರನ್ನು ಅಂಚಿಗೆ ತಳ್ಳುತ್ತಿದ್ದ ಹುಡುಗ ತನ್ನ ಕೋಸಂಬರಿಯಲ್ಲಿ ಕೊತ್ತಂಬರಿ ಸೊಪ್ಪು ಎಷ್ಟಿರಬೇಕು ಅಂತ ತಾನೇ ಹೇಳುತ್ತಾನೆ.

ಮಗಳಿಗೆ ಅಕ್ಕಿರೊಟ್ಟಿಯ ತೂತು. ಇದು ಕೇಳಲು ಸಣ್ಣ ಕೆಲಸ, ಆದರೆ ತೂತಿಲ್ಲದ ರೊಟ್ಟಿ ಸರಿಯಾಗಿ ಬೇಯಲ್ಲ ಅಲ್ವಾ? ಎಣ್ಣೆ ಇಳಿಯುವುದೇ ಆ ತೂತಿನಿಂದ. ನಾನು ಅಕ್ಕಿಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ತುರಿದ ಕ್ಯಾರೆಟ್, ಕಾಯಿತುರಿ, ಜೀರಿಗೆ ಹಾಕಿ, ಬಿಸಿನೀರಲ್ಲಿ ಮೆತ್ತಗೆ ಕಲಸಿ ಬಾಳೆಲೆ ಮೇಲೆ ಉಂಡೆ ಇಡುತ್ತೇನೆ. ಅವಳು ಕೈಗೆ ನೀರು ಮುಟ್ಟಿಸಿಕೊಂಡು ತಟ್ಟುತ್ತಾಳೆ. ಮೊದಮೊದಲು ಒಂದು ಕಡೆ ದಪ್ಪ, ಒಂದು ಕಡೆ ಎಲೆ ಕಾಣುವಷ್ಟು ತೆಳು. ನಾನು ಸರಿಮಾಡಲು ಹೋಗುತ್ತಿರಲಿಲ್ಲ. ಆಮೇಲೆ ತೋರುಬೆರಳಲ್ಲಿ ಐದು ತೂತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ದುಂಡಗಿನ ರೊಟ್ಟಿಗೆ ಮೂಲೆ ಎಲ್ಲಿ ಅಂತ ಕೇಳಿದರೆ ಬೆರಳಿಟ್ಟು ತೋರಿಸುತ್ತಾಳೆ. ಎಲೆ ಸಮೇತ ಕಾವಲಿಗೆ ಮಗುಚಿ ಎಲೆ ಬಿಡಿಸುವುದು ನಾನು.

ಹಸಿಮೆಣಸಿನಕಾಯಿ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಶುರುವಿನಲ್ಲಿ ಹೆಚ್ಚಿದ ಮೆಣಸಿನಕಾಯಿಯನ್ನು ಹಿಟ್ಟಿಗೇ ಹಾಕಿದ್ದೆ. ತಟ್ಟಿದ ಕೈಯಲ್ಲಿ ಅವಳು ಕಣ್ಣು ಉಜ್ಜಿಕೊಂಡಳು. ಚೀರಾಟ. ಕಣ್ಣಿಗೆ ತಣ್ಣೀರು ಹಾಕುತ್ತಲೇ ಇದ್ದೆ, ಕೈಗೆ ಎಣ್ಣೆ ಸವರಿ ಆಮೇಲೆ ಸೋಪಿನಲ್ಲಿ ತೊಳೆಸಿದೆ. ಖಾರದ ಅಂಶ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅವತ್ತಿನಿಂದ ಮಕ್ಕಳು ಮುಟ್ಟುವ ಹಿಟ್ಟಿಗೆ ಮೆಣಸಿನಕಾಯಿ ಇಲ್ಲ. ಖಾರ ಬೇಕಾದ ದೊಡ್ಡವರು ಚಟ್ನಿ ಹಾಕಿಕೊಳ್ಳುತ್ತೇವೆ.

ಇನ್ನೊಂದು ಸಲ ದೋಸೆ ಹುಯ್ಯುವಾಗ ಬಾಗಿಲು ಬಡಿದರು ಅಂತ ತಿರುಗಿದೆ. ಸ್ಟೂಲ್ ಮೇಲೆ ನಿಂತಿದ್ದ ಮಗಳ ಬೆರಳು ಕಾವಲಿ ಅಂಚಿಗೆ ತಗುಲಿತು. ಮನೆಯಲ್ಲಿ ನರ್ಸ್ ಇದ್ದದ್ದು ಪುಣ್ಯ. ಹೆಂಡತಿ ಮಗಳನ್ನು ಎತ್ತಿಕೊಂಡು ಹೋಗಿ ನಲ್ಲಿ ಕೆಳಗೆ ಬೆರಳು ಹಿಡಿಸಿದಳು, ಗಡಿಯಾರ ನೋಡಿ ಇಪ್ಪತ್ತು ನಿಮಿಷ. ನಾನು ಅಷ್ಟರಲ್ಲಿ ಟೂತ್‌ಪೇಸ್ಟ್ ತಂದಿದ್ದೆ. ಬೇಡ ಅಂದಳು. ಪೇಸ್ಟು, ಅರಿಶಿನ, ಐಸು ಏನೂ ಬೇಡ, ಹರಿಯುವ ತಣ್ಣೀರು ಸಾಕು. ಸಣ್ಣ ಸುಟ್ಟ ಗಾಯ, ನಾಲ್ಕೈದು ದಿನಕ್ಕೆ ವಾಸಿಯಾಯಿತು. ಆದರೆ ಸ್ಟೂಲ್ ಜಾಗ ಬದಲಾಯಿತು. ಈಗ ಅದು ಸಿಂಕ್ ಪಕ್ಕ. ಒಲೆಗೂ ಸ್ಟೂಲಿಗೂ ನನ್ನ ಎರಡೂ ಕೈ ಅಗಲಕ್ಕೆ ಚಾಚಿದಷ್ಟು ದೂರ. ಯಾರೇ ಬಾಗಿಲು ಬಡಿದರೂ ಮೊದಲು ಒಲೆ ಆರಿಸುತ್ತೇನೆ. ಹಾಗೇ ಸಣ್ಣವಳಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡುತ್ತಿರಲಿಲ್ಲ. ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಚಿತ್ರಾನ್ನದ ಬೀಜ ಕುಟ್ಟಿ ಹಾಕುತ್ತಿದ್ದೆ, ದ್ರಾಕ್ಷಿ ಉದ್ದಕ್ಕೆ ಸೀಳುತ್ತಿದ್ದೆ.

ದೋಸೆಹಿಟ್ಟು ಉಬ್ಬುವುದನ್ನು ನೋಡುವುದು ಇಬ್ಬರಿಗೂ ಹಬ್ಬ. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ರುಬ್ಬಿದ ಹಿಟ್ಟಿನಲ್ಲಿ ಸ್ವಲ್ಪವನ್ನು ಗಾಜಿನ ಜಾಡಿಗೆ ಹಾಕಿ, ಹಿಟ್ಟು ಇರುವ ಮಟ್ಟಕ್ಕೆ ಸರಿಯಾಗಿ ಒಂದು ರಬ್ಬರ್ ಬ್ಯಾಂಡ್ ಸುತ್ತುತ್ತೇವೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳುವಷ್ಟರಲ್ಲಿ ಹಿಟ್ಟು ಬ್ಯಾಂಡ್ ದಾಟಿ ಮೇಲೆ ಹೋಗಿರುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಏಳುವುದೇ ಇಲ್ಲ, ಮಧ್ಯಾಹ್ನದವರೆಗೆ ಕಾಯಬೇಕು. ಮಗಳು ಜಾಡಿಗೆ ತನ್ನ ಉಣ್ಣೆ ಟೋಪಿ ಹಾಕಿದ್ದಳು. ಒಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಅವು ಹಿಟ್ಟು ತಿಂದು ಗಾಳಿ ಬಿಡುತ್ತವೆ, ಆ ಗಾಳಿಗೇ ಹಿಟ್ಟು ಉಬ್ಬುವುದು ಅಂತ ಹೇಳಿದೆ. ಅವತ್ತು ಮಗ ದೋಸೆಯ ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿ ತಿಂದ.

ಎಲ್ಲವೂ ಗೆಲ್ಲಲಿಲ್ಲ. ಹಾಗಲಕಾಯಿಯನ್ನು ಮಗ ತಾನೇ ಹೆಚ್ಚಿ, ತಾನೇ ಉಪ್ಪು ಹಚ್ಚಿ ಹಿಂಡಿದ. ಒಂದು ತುಂಡು ಬಾಯಿಗಿಟ್ಟು ಉಗಿದ. ಬೈಯಲಿಲ್ಲ. ಹೊಸ ರುಚಿ ಒಪ್ಪಲು ಮಕ್ಕಳಿಗೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಸಲ ಸಿಗಬೇಕು ಅಂತ ಮಕ್ಕಳ ಆಹಾರ ಬಲ್ಲವರು ಹೇಳುತ್ತಾರೆ. ನಾನು ತಿಂಗಳಿಗೆ ಒಂದು ಸಲ ಗೊಜ್ಜು ಮಾಡಿ ಸುಮ್ನೆ ಬಡಿಸುತ್ತೇನೆ. ಬೆಲ್ಲ, ಹುಣಸೆ ಮುಂದಾಗಿರುವ ಗೊಜ್ಜು. ಮೂರು ವರ್ಷ ಆಯಿತು. ಈಗ ಗೊಜ್ಜಿನ ರಸ ಕಲಸಿಕೊಳ್ಳುತ್ತಾನೆ, ಹೋಳು ಬಿಡುತ್ತಾನೆ. ಬಿಡಲಿ. ಏನು ಮಾಡಬೇಕು, ಯಾವಾಗ ಬಡಿಸಬೇಕು ಅನ್ನೋದು ನನ್ನ ಕೆಲಸ. ಎಷ್ಟು ತಿನ್ನಬೇಕು ಅನ್ನೋದು ಅವರ ಹೊಟ್ಟೆಗೆ ಬಿಟ್ಟದ್ದು. "ಇದೊಂದು ತುತ್ತು, ಪ್ಲೀಸ್" ಅನ್ನೋದನ್ನು ಪೂರ್ತಿ ನಿಲ್ಲಿಸಿದ್ದೇನೆ. ಇದು ಕಷ್ಟದ ಕೆಲಸ. ಮೊದಲ ಎರಡು ವಾರ ಮಗಳು ಅರ್ಧ ಹೊಟ್ಟೆಯಲ್ಲಿ ಮಲಗಿದಳೇನೋ ಅಂತ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಅವಳೇ ತಿಂಡಿ ಕೇಳಿದಾಗ ಧೈರ್ಯ ಬಂತು.

ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಅರ್ಧ ಗಂಟೆಯ ಅಡುಗೆ ಒಂದು ಗಂಟೆ ಆಗುತ್ತದೆ. ವಾರದ ದಿನ ನಾನು ಇಬ್ಬರಿಗೂ ಒಂದೊಂದೇ ಸಣ್ಣ ಕೆಲಸ ಕೊಡುತ್ತೇನೆ: ಬಟಾಣಿ ಬಿಡಿಸು, ಕರಿಬೇವು ಉದುರಿಸು, ತಟ್ಟೆ ಹಾಕು. ದೊಡ್ಡ ಅಡುಗೆ ಶನಿವಾರ, ಭಾನುವಾರ. ಪರೀಕ್ಷೆ, ಜ್ವರ, ನನ್ನ ಕೆಟ್ಟ ದಿನ, ಈ ಮೂರರಲ್ಲೂ ಏನೂ ಕೇಳುವುದಿಲ್ಲ. ಮೊಸರನ್ನ ಸಾಕು.

ಶನಿವಾರ ರಾತ್ರಿ ಕೈತುತ್ತು. ನಮ್ಮಜ್ಜಿ ನಮಗೆಲ್ಲ ಹಾಕುತ್ತಿದ್ದ ಹಾಗೆ. ಒಂದೇ ದೊಡ್ಡ ಬೋಗುಣಿಯಲ್ಲಿ ಸಾರನ್ನ ಕಲಸಿಕೊಂಡು ಕೂರುವುದು, ಮಕ್ಕಳು ಸುತ್ತ ಕೈ ಚಾಚಿ ಕೂರುವುದು. ತುತ್ತನ್ನು ದುಂಡಗೆ ಮಾಡಿ ಅಂಗೈಗಿಟ್ಟು, ಹೆಬ್ಬೆರಳಲ್ಲಿ ನಡುವೆ ಒಂದು ಗುಳಿ ಒತ್ತಿ ಅದಕ್ಕೆ ಚೂರು ತುಪ್ಪ. ತಟ್ಟೆ ಇಲ್ಲ, ಎಷ್ಟು ತಿಂದೆ ಎಷ್ಟು ಬಿಟ್ಟೆ ಅನ್ನುವ ಲೆಕ್ಕವೂ ಇಲ್ಲ. ಸರದಿ ಬರುವುದನ್ನೇ ಕಾಯುತ್ತಾರೆ. ಅದೇ ಅನ್ನ, ಅದೇ ಸಾರು ತಟ್ಟೆಗೆ ಬಡಿಸಿದ್ದರೆ ಅದರಲ್ಲಿ ಅರ್ಧ ಹೋಗುತ್ತಿರಲಿಲ್ಲ. ಅವತ್ತು ನಾವು ಟೆರೇಸಿಗೆ ಹೋಗುತ್ತೇವೆ. ಫೋನ್ ಕೆಳಗೇ ಇರುತ್ತದೆ.

ಮಗಳಿಗೆ ಈಗ ಆರು. ಮೊನ್ನೆ ಶನಿವಾರ ಅಮ್ಮ ಕಳಿಸಿದ ಅವರೆಕಾಯಿಯಲ್ಲಿ ಹಿತಕಿದ ಬೇಳೆ ಸಾರು ಮಾಡಿದ್ದೆವು. ಎರಡು ಕೆಜಿ ಕಾಯಿ, ಹಿತುಕಿದ್ದು ಪೂರ್ತಿ ಮಕ್ಕಳೇ. ಹೆಂಡತಿ ಪಾಳಿ ಮುಗಿಸಿ ಮನೆಗೆ ಬಂದಾಗ ಒಂಬತ್ತೂವರೆ. ಕೈಕಾಲು ತೊಳೆದು ನೇರ ಟೆರೇಸಿಗೆ ಬಂದಳು. ಬೋಗುಣಿ ಮುಂದೆ ಮಗಳು ಕೂತಿದ್ದಳು, ಅವತ್ತು ತುತ್ತು ಹಾಕುವ ಸರದಿ ತನ್ನದು ಅಂತ. ಅವಳ ಪುಟ್ಟ ಕೈಗೆ ತುತ್ತು ನಿಲ್ಲುತ್ತಿರಲಿಲ್ಲ, ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ತನ್ನ ಅಮ್ಮನ ಅಂಗೈಗೆ ತುತ್ತು ಇಟ್ಟಳು. ಹೆಬ್ಬೆರಳಲ್ಲಿ ಗುಳಿ ಒತ್ತಿದಳು. ತುಪ್ಪ ಹಾಕುವ ಮುಂಚೆ ಬೋಗುಣಿಯಲ್ಲಿ ಹುಡುಕಿ ಒಂದು ಬೇಳೆ ಎತ್ತಿ ಗುಳಿಯೊಳಗೆ ಕೂರಿಸಿದಳು.

"ಇದು ನಾನೇ ಹಿತುಕಿದ್ದು" ಅಂದಳು.